ವಯಸ್ಸಾದ ಬೆಕ್ಕಿನ ಉಸಿರು ಎಣಿಸಿದ್ದೀರಾ?



ಈ ಸರಣಿಯಲ್ಲಿ ಇಷ್ಟು ದಿನ ಬಿಪಿ, ಕೊಲೆಸ್ಟರಾಲ್, ಸ್ಟೆಂಟ್ ಹಾಕಿಸಿಕೊಂಡವರ ಊಟ ಅಂತೆಲ್ಲ ಬರೆದೆ. ಇವತ್ತು ಬೆಕ್ಕಿನ ಬಗ್ಗೆ. ಹಾರ್ಟ್ ಡಾಕ್ಟರಿಗೆ ಬೆಕ್ಕಿನ ಉಸಾಬರಿ ಯಾಕೆ ಅನ್ನುವವರು ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಮನುಷ್ಯರ ಹೃದಯದ ಡಾಕ್ಟರ್. ಪಶುವೈದ್ಯನಲ್ಲ. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಪಶುವೈದ್ಯರನ್ನು ಕೇಳಿ, ಅವರ ಪುಸ್ತಕ ಓದಿ ಕಲಿತದ್ದು. ಅದೂ ತಡವಾಗಿ ಕಲಿತದ್ದು.

ನಮ್ಮ ಮನೆ ಬಾಂದ್ರಾ ಪಶ್ಚಿಮದಲ್ಲಿ, ಚಿಂಬಯಿಯ ಹತ್ತಿರ. 2011ರ ಮಳೆಗಾಲದಲ್ಲಿ ಬಿಲ್ಡಿಂಗಿನ ಕೆಳಗೆ ನಿಂತಿದ್ದ ಸ್ಕೂಟರಿನ ಅಡಿಯಲ್ಲಿ ಒಂದು ಮರಿ ಸಿಕ್ಕಿತು. ಅಮ್ಮ ಅದಕ್ಕೆ ಪುಟ್ಟಿ ಅಂತ ಹೆಸರಿಟ್ಟರು. 13 ವರ್ಷ ನಮ್ಮ ಜೊತೆ ಇತ್ತು. ಕೊನೆಯ ತಿಂಗಳಲ್ಲಿ ಕಿಟಕಿಯ ಕಟ್ಟೆ ಹತ್ತುವುದು ಬಿಟ್ಟಿತು. ಮಂಚದ ಕೆಳಗೇ ಮಲಗುತ್ತಿತ್ತು. ಒಂದು ದಿನ ಅಮ್ಮ ಹೇಳಿದರು, "ಮಲಗಿದಾಗ ಇದರ ಹೊಟ್ಟೆ ಯಾಕೋ ಬೇಗ ಬೇಗ ಏರಿ ಇಳಿತದೆ ಮಗಾ." ನಾನು ಮೊಬೈಲಿನಿಂದ ತಲೆ ಎತ್ತದೆ, "ಪ್ರಾಯ ಆಯ್ತಲ್ಲಮ್ಮ" ಅಂದೆ.

(ನಮ್ಮ ಉಡುಪಿ ಕಡೆ ಪ್ರಾಯ ಆಯ್ತು ಅಂದರೆ ಮುದಿತನ ಬಂತು ಅಂತ. ಬೆಂಗಳೂರಿನವರು ಪ್ರಾಯ ಅಂದರೆ ಯೌವನ ಅಂದುಕೊಳ್ಳುತ್ತಾರೆ. ಅಪಾರ್ಥ ಮಾಡಿಕೊಳ್ಳಬೇಡಿ.)

ಅದಾಗಿ ಎರಡು ವಾರಕ್ಕೆ, ರಾತ್ರಿ 3 ಗಂಟೆಗೆ, ಅದರ ಬಾಯಿಂದ 13 ವರ್ಷದಲ್ಲಿ ಒಮ್ಮೆಯೂ ಕೇಳದ ಒಂದು ಕೂಗು ಕೇಳಿಸಿತು. ಲೈಟ್ ಹಾಕಿ ನೋಡಿದರೆ ಹಿಂಗಾಲು ಎರಡೂ ಎಳೆಯುತ್ತಾ ಹಾಲಿನಲ್ಲಿ ತೆವಳುತ್ತಿದೆ. ಬಾಯಿ ತೆರೆದು ಉಸಿರಾಡುತ್ತಿದೆ. ಪಾದ ಮುಟ್ಟಿದೆ, ತಣ್ಣಗಿತ್ತು. ಉಗುರಿನ ಬುಡ ನೀಲಿಯಾಗಿತ್ತು. ತೊಡೆಯ ಸಂದಿಯಲ್ಲಿ ಬೆರಳಿಟ್ಟೆ, ನಾಡಿ ಇಲ್ಲ. ಆ ಕ್ಷಣದಲ್ಲಿ ನನಗೆ ಎಲ್ಲ ಗೊತ್ತಾಯಿತು. ಮನುಷ್ಯರಲ್ಲಿ ಕಾಲಿಗೆ ರಕ್ತ ನಿಂತರೆ ಕಾಣುವ ಲಕ್ಷಣಗಳೂ ಇವೇ.

ಆಸ್ಪತ್ರೆಯಲ್ಲಿ ಎಕೋ ಮಾಡಿದರು. ಸ್ಕ್ರೀನ್ ಮೇಲೆ ಕಂಡದ್ದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೃದಯದ ಎಡಭಾಗದ ಗೋಡೆ ದಪ್ಪಗಾಗಿತ್ತು, ಮೇಲಿನ ಕೋಣೆ ಉಬ್ಬಿತ್ತು. ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ. ಇದು ನನ್ನ ದಿನನಿತ್ಯದ ಕಸುಬು. ದಿನಕ್ಕೆ ಹತ್ತಾರು ಎಕೋ ನೋಡುವ ನನ್ನ ಮನೆಯಲ್ಲೇ, ನನ್ನ ಸೋಫಾದ ಮೇಲೆ, ಈ ಹೃದಯ ಯಾರಿಗೂ ಕಾಣದೆ ಮಲಗಿತ್ತು.

ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾದ ಹೃದಯದ ಕಾಯಿಲೆ ಇದೇ. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಬೆಕ್ಕುಗಳನ್ನು ಎಕೋ ಮಾಡಿ ನೋಡಿದರೆ 100ರಲ್ಲಿ ಸುಮಾರು 15ಕ್ಕೆ ಇರುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಎಷ್ಟೋ ಬೆಕ್ಕುಗಳು ಇದನ್ನು ಇಟ್ಟುಕೊಂಡೇ ಏನೂ ತೊಂದರೆ ಇಲ್ಲದೆ ಬಾಳುತ್ತವೆ. ಆದರೆ ಎಡ ಮೇಲಿನ ಕೋಣೆ ಉಬ್ಬಿದಾಗ ಅದರಲ್ಲಿ ರಕ್ತ ಸರಾಗವಾಗಿ ಹರಿಯದೆ ಹೆಪ್ಪುಗಟ್ಟುತ್ತದೆ. ಮನುಷ್ಯರಲ್ಲಿ ಇಂಥ ಹೆಪ್ಪು ಹೆಚ್ಚಾಗಿ ಮೆದುಳಿಗೆ ಹೋಗಿ ಲಕ್ವ ಹೊಡೆಯುತ್ತದೆ. ಬೆಕ್ಕುಗಳಲ್ಲಿ ಅದು ಮಹಾಧಮನಿಯಲ್ಲಿ ಕೆಳಗಿಳಿದು, ಎರಡು ಕಾಲಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ವಿಪರೀತ ನೋವು. ಚಿಕಿತ್ಸೆ ಕೊಟ್ಟರೂ ಬಹಳ ಬೆಕ್ಕುಗಳು ಉಳಿಯುವುದಿಲ್ಲ.

ಅವತ್ತೇ ಉಸಿರು ಎಣಿಸಿದ್ದರೆ ಪುಟ್ಟಿ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಎರಡು ವಾರ ಕೈಯಲ್ಲಿತ್ತು. ಶ್ವಾಸಕೋಶದ ನೀರು ಇಳಿಸುವ ಮಾತ್ರೆ ಕೊಡಬಹುದಿತ್ತು, ರಕ್ತ ಹೆಪ್ಪುಗಟ್ಟದ ಮಾತ್ರೆ ಶುರು ಮಾಡಬಹುದಿತ್ತು. ಕ್ಲೋಪಿಡೋಗ್ರೆಲ್ ಅನ್ನು ನಾನು ದಿನಾ ಬರೆಯುತ್ತೇನೆ, ಸ್ಟೆಂಟ್ ಹಾಕಿಸಿಕೊಂಡವರ ಮನೆಯಲ್ಲಿ ಇದ್ದೇ ಇರುತ್ತದೆ. ಪಶುವೈದ್ಯರು ಇಂಥ ಬೆಕ್ಕುಗಳಿಗೆ ಅದೇ 75ರ ಮಾತ್ರೆಯ ಕಾಲು ಭಾಗ ಬರೆಯುತ್ತಾರೆ. ಎಷ್ಟು ಹತ್ತಿರ ಇತ್ತು ನೋಡಿ.

*ವಯಸ್ಸಾಯಿತು ಅನ್ನುವುದು ಯಾವ ಕಾಯಿಲೆಯ ಹೆಸರೂ ಅಲ್ಲ.* ನನ್ನ ಕ್ಲಿನಿಕ್ಕಿನಲ್ಲಿ ಯಾರಾದರೂ "ಅಪ್ಪ ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತಾರೆ, ವಯಸ್ಸಾಯ್ತಲ್ಲ ಡಾಕ್ಟ್ರೇ" ಅಂದರೆ ನಾನು ಸಿಟ್ಟು ಮಾಡುತ್ತೇನೆ. ಅದೇ ನಾನು ನನ್ನ ಮನೆಯಲ್ಲಿ ಅದೇ ಮಾತು ಆಡಿದೆ. ಅದಕ್ಕೇ ಈ ಲೇಖನ.

10 ವರ್ಷದ ಬೆಕ್ಕು ಅಂದರೆ ಹೆಚ್ಚುಕಡಿಮೆ 56 ವರ್ಷದ ಮನುಷ್ಯ. 15 ಆದರೆ 76. ಬೆಕ್ಕು ನೋವನ್ನು ತೋರಿಸುವ ಪ್ರಾಣಿಯಲ್ಲ. ನಾಯಿ ಕುಂಯ್‌ಗುಡುತ್ತದೆ, ಬೆಕ್ಕು ಸುಮ್ಮನೆ ಜಾಗ ಬದಲಿಸುತ್ತದೆ. ಹೃದಯ ಸೋತ ನಾಯಿ ಕೆಮ್ಮುವುದುಂಟು, ಬೆಕ್ಕು ಸಾಮಾನ್ಯವಾಗಿ ಅದನ್ನೂ ಮಾಡುವುದಿಲ್ಲ. ಸ್ಟೆತೋಸ್ಕೋಪ್ ಇಟ್ಟರೂ ಎಷ್ಟೋ ಸಲ ಏನೂ ಕೇಳಿಸುವುದಿಲ್ಲ. ಹಾಗಾಗಿ ವಯಸ್ಸಾದ ಬೆಕ್ಕಿನ ಅರ್ಧ ವೈದ್ಯ ಮನೆಯವರೇ.

ಉಸಿರು ಎಣಿಸುವುದು ಹೇಗೆ? ಬೆಕ್ಕು ಗಾಢ ನಿದ್ದೆಯಲ್ಲಿರಬೇಕು. ಗುರುಗುಟ್ಟುತ್ತಿರಬಾರದು, ಕನಸಿನಲ್ಲಿ ಕಾಲು ಆಡಿಸುತ್ತಿರಬಾರದು. ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 30ರ ಒಳಗೆ ಇದ್ದರೆ ಚಿಂತೆ ಬೇಡ. ಒಂದು ಸಲ ಹೆಚ್ಚು ಬಂದರೆ ಗಾಬರಿ ಬೇಡ, ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಅದೇ ದಿನ ತೋರಿಸಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ ದಿನವೂ ಇಲ್ಲ, ಆ ಗಳಿಗೆಯಲ್ಲೇ ಹೊರಡಿ. ವಾರಕ್ಕೆ ಎರಡು ಸಲ ಎಣಿಸಿದರೆ ಸಾಕು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ನನ್ನ ವೃತ್ತಿಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಉಪಯೋಗಕ್ಕೆ ಬರುವುದು ಬಹಳ ಇಲ್ಲ.

ಎರಡನೆಯದು ತೂಕ. ಇಲ್ಲಿ ನನ್ನ ಪೇಷೆಂಟ್ ಒಬ್ಬರ ವಿಷಯ ಹೇಳಬೇಕು.

ಬಾಂದ್ರಾದಲ್ಲಿ ಮಕ್ಕಳು ದುಬೈಯಲ್ಲೋ ಟೊರಾಂಟೋದಲ್ಲೋ ಇದ್ದು, ಹಳೇ ಮನೆಯಲ್ಲಿ ಒಬ್ಬರೇ ಉಳಿದಿರುವ ಹಿರಿಯರು ಬಹಳ. ಅವರ ಜೊತೆಗೆ ಒಂದು ಬೆಕ್ಕು. ಅಂಥ ಒಬ್ಬ ಅಜ್ಜಿಗೆ ಹಾರ್ಟ್ ಫೇಲ್ಯೂರ್, ಕಾಲು ಊದಿಕೊಂಡು ಬಂದಿದ್ದರು. ಅಡ್ಮಿಟ್ ಆಗಿ ಅಂದೆ. ಆಗುವುದಿಲ್ಲ ಅಂದರು. ದುಡ್ಡಿನ ತೊಂದರೆಯೋ, ಭಯವೋ ಅಂತ ನಾನು ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾದದ್ದು, ಮನೆಯಲ್ಲಿ 14 ವರ್ಷದ ಬೆಕ್ಕಿದೆ, ದಿನಕ್ಕೆ ಎರಡು ಸಲ ಮಾತ್ರೆ ಕೊಡಬೇಕು, ಕೊಡುವವರು ಯಾರೂ ಇಲ್ಲ. ಕೆಳಗಿನ ಮನೆಯ ಹುಡುಗಿ ಒಪ್ಪಿಕೊಂಡ ಮೇಲೆಯೇ ಅವರು ಮಂಚದ ಮೇಲೆ ಕೂತದ್ದು. ಅವತ್ತಿನಿಂದ ಒಂಟಿ ಹಿರಿಯರು ಬಂದರೆ ಮನೆಯಲ್ಲಿ ಪ್ರಾಣಿ ಇದೆಯಾ ಅಂತ ನಾನೇ ಕೇಳುತ್ತೇನೆ. ನಮ್ಮ ಫಾರಂನಲ್ಲಿ ಸಿಗರೇಟು, ಮದ್ಯ, ಅಲರ್ಜಿ ಎಲ್ಲಕ್ಕೂ ಜಾಗ ಇದೆ, ಇದಕ್ಕೆ ಇಲ್ಲ. ಇರಬೇಕು ಅಂತ ನನ್ನ ಅಭಿಪ್ರಾಯ.

ಈ ಓದುಗರಲ್ಲೂ ಅಂಥವರಿದ್ದರೆ ಒಂದು ಚೀಟಿ ಬರೆದಿಡಿ. ನಾನು ಆಸ್ಪತ್ರೆ ಸೇರಿದರೆ ಬೆಕ್ಕಿಗೆ ಊಟ ಹಾಕುವವರು ಯಾರು, ಮನೆಯ ಬೀಗದ ಕೈ ಯಾರ ಹತ್ತಿರ, ಮಾತ್ರೆ ಯಾವುದು, ಅದರ ಡಾಕ್ಟರ್ ಯಾರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ತೂಕಕ್ಕೆ ಬರುತ್ತೇನೆ. ಹಾರ್ಟ್ ಫೇಲ್ಯೂರ್ ಇರುವವರು ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೈಯಲ್ಲಿ ನೀರು ತುಂಬಿದರೆ ಮೊದಲು ಗೊತ್ತಾಗುವುದು ಅಲ್ಲಿಯೇ. ಆ ಅಜ್ಜಿ ಆಸ್ಪತ್ರೆಯಿಂದ ಹೋಗುವಾಗ ಹೇಳಿದೆ, ವಾರಕ್ಕೊಂದು ದಿನ ತೂಕ ನೋಡಿದ ಮೇಲೆ ಬೆಕ್ಕನ್ನು ಎತ್ತಿಕೊಂಡು ಇನ್ನೊಮ್ಮೆ ನಿಲ್ಲಿ, ಕಳೆದರೆ ಬೆಕ್ಕಿನ ತೂಕ. ಅವರು ತಮ್ಮದನ್ನು ಒಂದು ದಿನ ತಪ್ಪಿಸಿದರೂ ಬೆಕ್ಕಿನದನ್ನು ತಪ್ಪಿಸುವುದಿಲ್ಲ. ಬೆಕ್ಕಿನ ನೆಪದಲ್ಲಿ ಅವರದೂ ಸರಿಯಾಗಿ ನಡೆಯುತ್ತಿದೆ.

4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 70 ಕಿಲೋ ಮನುಷ್ಯ 7 ಕಿಲೋ ಇಳಿದಂತೆ. ಚೆನ್ನಾಗಿ ತಿಂದೂ ತೂಕ ಇಳಿಯುತ್ತಿದ್ದರೆ, ರಾತ್ರಿಯೆಲ್ಲ ಕೂಗುತ್ತಾ ಓಡಾಡುತ್ತಿದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು. ಸಕ್ಕರೆ ಕಾಯಿಲೆಯೂ ಇರಬಹುದು. ಹೆಚ್ಚು ನೀರು ಕುಡಿದು, ಲಿಟರ್ ಟ್ರೇಯಲ್ಲಿ ಗಟ್ಟಿ ಉಂಡೆಗಳು ದೊಡ್ಡದಾಗುತ್ತಿದ್ದರೆ ಕಿಡ್ನಿ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ಬಹಳ, ನಮ್ಮ ಮುಂಬಯಿ ಫ್ಲಾಟುಗಳ ಪ್ರೀತಿಯ ಪರ್ಷಿಯನ್ ತಳಿಯಲ್ಲಂತೂ ಕಿಡ್ನಿಯಲ್ಲಿ ನೀರುಗುಳ್ಳೆ ಆಗುವ ಕಾಯಿಲೆ ವಂಶದಲ್ಲೇ ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಹಾಗಾಗಿ 10 ದಾಟಿದ ಮೇಲೆ 6 ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿಪಿ ನೋಡಿಸಿ.

ಹೌದು, ಬೆಕ್ಕಿಗೂ ಬಿಪಿ ಬರುತ್ತದೆ. ಮುಂಗಾಲಿಗೋ ಬಾಲದ ಬುಡಕ್ಕೋ ಎರಡು ಬೆರಳಗಲದ ಪಟ್ಟಿ ಕಟ್ಟಿ ನೋಡುತ್ತಾರೆ. ಮೇಲಿನ ಅಂಕಿ 160 ದಾಟಿ ಅಲ್ಲೇ ನಿಂತರೆ ಚಿಕಿತ್ಸೆ ಬೇಕು. ಬಿಡುತ್ತಾ ಹೋದರೆ ಒಂದು ಬೆಳಿಗ್ಗೆ ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಕಣ್ಣಿನ ಪರದೆ ಕಳಚಿ ಕುರುಡಾಗಿರುತ್ತದೆ. ನಮ್ಮ ಮನೆಯ ಎರಡನೆಯ ಬೆಕ್ಕು ಗೋಪಿಗೆ ಈಗ 12. ಪುಟ್ಟಿ ಹೋದ ಮೇಲೆ ಹೆದರಿ ಅದನ್ನು ತೋರಿಸಿದಾಗ ಕಿಡ್ನಿ ಶುರುವಾಗಿತ್ತು, ಬಿಪಿ ಹೆಚ್ಚಿತ್ತು. ಅದಕ್ಕೆ ಬರೆದುಕೊಟ್ಟ ಮಾತ್ರೆ ಆಮ್ಲೋಡಿಪಿನ್. ಅಮ್ಮನಿಗೂ ಅದೇ! ಅಮ್ಮನಿಗೆ 5 ಮಿಲಿಗ್ರಾಂ, ಗೋಪಿಗೆ 2.5ರ ಮಾತ್ರೆಯ ಕಾಲು ಚೂರು. "ನಾವಿಬ್ಬರೂ ಒಂದೇ ಪಾರ್ಟಿ" ಅಂತಾರೆ ಅಮ್ಮ.

ಮಾತ್ರೆ ಒಂದೇ ಆದರೂ *ನಿಮ್ಮ ಡಬ್ಬಿಯಿಂದ ತೆಗೆದು ನೀವೇ ಕೊಡಬೇಡಿ.* ಅಳತೆ, ಪರೀಕ್ಷೆ ಎಲ್ಲ ಪಶುವೈದ್ಯರದ್ದು. ಅದಕ್ಕಿಂತ ಮುಖ್ಯವಾಗಿ, ಜ್ವರ ಅಂತ ಡೋಲೋ, ಕ್ರೋಸಿನ್ ಅಂದರೆ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ. ಅರ್ಧ ಮಾತ್ರೆ ಸಾಕು. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಮೈಕೈ ನೋವಿನ ಮಾತ್ರೆಗಳೂ ಅಷ್ಟೇ ಅಪಾಯ. ಇನ್ನೊಂದು, ಈಸ್ಟರ್‌ಗೋ ಬರ್ತ್‌ಡೇಗೋ ಮನೆಗೆ ಬರುವ ಹೂಗುಚ್ಛದಲ್ಲಿ ಲಿಲಿ ಇದ್ದರೆ ಹೊರಗೇ ಇಡಿ. ಅದರ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ.

ಬೆಕ್ಕು ಸೊರಗಿದೆ ಅಂತ ಕಂಡ ಕೂಡಲೇ ಸಲೈನ್ ಹಾಕಿಸಿ ಅನ್ನುವವರಿದ್ದಾರೆ. ಕಿಡ್ನಿ ಕಾಯಿಲೆಯಲ್ಲಿ ಚರ್ಮದ ಕೆಳಗೆ ಸಲೈನ್ ಕೊಡುವುದು ಒಳ್ಳೆಯ ಚಿಕಿತ್ಸೆಯೇ, ಮನೆಯಲ್ಲೇ ಕೊಡಲು ಕಲಿಸುತ್ತಾರೆ. ಆದರೆ ದಪ್ಪಗೋಡೆಯ ಹೃದಯಕ್ಕೆ ಆ ನೀರು ತಡೆಯುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ವಾರ್ಡಿನಲ್ಲಿ ಅಜ್ಜಂದಿರಿಗೆ ಆಗುವುದೂ ಇದೇ. ಕೊಡಿಸುವ ಮೊದಲು ಹೃದಯ ನೋಡಿದ್ದೀರಾ ಅಂತ ಒಂದು ಮಾತು ಕೇಳಿ.

ಊಟದ ವಿಷಯಕ್ಕೆ ಬಂದರೆ ನಮ್ಮವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕಿ, ನಮ್ಮ ಬೆಕ್ಕು ಮೀನು ಮುಟ್ಟುವುದಿಲ್ಲ ಅಂತ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಊರಿನ ಮನೆಯಲ್ಲಿ ಅದು ನಡೆಯುತ್ತಿತ್ತು, ಯಾಕೆಂದರೆ ಆ ಬೆಕ್ಕು ನಿಮಗೆ ಗೊತ್ತಿಲ್ಲದೆ ಅಟ್ಟದ ಇಲಿ ಹಿಡಿಯುತ್ತಿತ್ತು. ಏಳನೇ ಮಾಳಿಗೆಯ ಫ್ಲಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಮಾಂಸ ಮೀನಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿಕೊಟ್ಟರು, ಟಾರಿನ್ ಕಮ್ಮಿಯಾದರೆ ಬೆಕ್ಕಿನ ಹೃದಯ ಬಲೂನಿನಂತೆ ಹಿಗ್ಗಿ ಸೋಲುತ್ತದೆ, ಟಾರಿನ್ ಕೊಟ್ಟರೆ ಮತ್ತೆ ಸರಿಯಾಗುತ್ತದೆ. ಸೋತ ಹೃದಯ ಊಟದಿಂದ ಸರಿಹೋದ ಇಂಥ ಉದಾಹರಣೆ ನನ್ನ ಶಾಸ್ತ್ರದಲ್ಲಿ ಅಪರೂಪ. ಅಲ್ಲಿಂದೀಚೆಗೆ ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಟಾರಿನ್ ಹೆಚ್ಚಿಸಿದವು, ಆ ಕಾಯಿಲೆ ಬಹುಮಟ್ಟಿಗೆ ಇಳಿಯಿತು. ಮನೆಯಲ್ಲಿ ಮಾಂಸ ಮಾಡದವರು ಬೆಕ್ಕಿನ ಪ್ಯಾಕೆಟ್ ಆಹಾರ ತಂದುಕೊಡಿ. ನಿಮ್ಮ ಪಾತ್ರೆ ಮೈಲಿಗೆಯಾಗುವುದಿಲ್ಲ. ಮೀನು ಬೇಯಿಸಿ ಕೊಡುವವರು ಬೇಯಿಸಿದ ನೀರು ಚೆಲ್ಲಬೇಡಿ, ಟಾರಿನ್ ಅದರಲ್ಲೇ ಇಳಿದಿರುತ್ತದೆ. ಉಪ್ಪು ಹಾಕಿ ಒಣಗಿಸಿದ ಬೊಂಬಿಲ್ ಮಾತ್ರ ಬೇಡ, ಬಿಪಿ ಇರುವ ಮನುಷ್ಯರಿಗೂ ನಾನು ಅದನ್ನೇ ಹೇಳುವುದು. ಹಾಲು ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಜೀರ್ಣವಾಗುವುದಿಲ್ಲ.

ಎರಡು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ತಡಮಾಡಬೇಡಿ. ಲಿವರಿನಲ್ಲಿ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಬರುತ್ತದೆ. ನಮ್ಮ ಏಕಾದಶಿ ಉಪವಾಸ ಅದಕ್ಕೆ ಆಗಿಬರುವುದಿಲ್ಲ.

ಮನೆಯಲ್ಲಿ ಮಾಡಬೇಕಾದ ಬದಲಾವಣೆ ದೊಡ್ಡದೇನಲ್ಲ. 12 ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಗಂಟು ಸವೆತ ಕಾಣುತ್ತದೆ. ಮಂಚದ ಪಕ್ಕ ಒಂದು ಮಣೆಯೋ ಸ್ಟೂಲೋ ಇಡಿ. ನುಣುಪು ಟೈಲ್ಸ್ ಮೇಲೆ ಹಳೇ ಚಾಪೆ ಹಾಸಿ. ಲಿಟರ್ ಟ್ರೇಯ ಒಂದು ಬದಿ ತಗ್ಗಾಗಿರಲಿ. ಅದು ಹೊರಗೆ ಗಲೀಜು ಮಾಡುತ್ತಿದ್ದರೆ ಕೊಬ್ಬಲ್ಲ, ಕಾಲೆತ್ತಿ ಒಳಗಿಡಲು ನೋವು. ಉಗುರು ಸವೆಯದೆ ಪಾದಕ್ಕೇ ಚುಚ್ಚಿಕೊಂಡಿರುತ್ತದೆ, ಕತ್ತರಿಸಿ. ಹಾಗೆ ಕತ್ತರಿಸುವಾಗ ಹುಷಾರು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಕೃತಕ ವಾಲ್ವ್ ಹಾಕಿಸಿಕೊಂಡವರು ಆ ಕೆಲಸ ಬೇರೆಯವರಿಗೆ ಬಿಡಿ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ. ಬೆಕ್ಕಿಗೆ ವಯಸ್ಸಾಯಿತು ಅಂತ ರೇಬೀಸ್ ಲಸಿಕೆ ನಿಲ್ಲಿಸಬೇಡಿ.

"ಒಂದು ಬೆಕ್ಕಿಗೆ ಇಷ್ಟೊಂದಾ?" ಅಂತ ನನ್ನ ಕಸಿನ್ ಕೇಳಿದ. ಮುಂಬಯಿಗೆ ಇದು ಹೊಸ ಶೋಕಿ ಅಲ್ಲ. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯ ಇತಿಹಾಸ 1883ಕ್ಕೆ ಹೋಗುತ್ತದೆ. 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನವರ ಸಣ್ಣ ಪ್ರಾಣಿಗಳ ಆಸ್ಪತ್ರೆಯೂ ತೆರೆಯಿತು. ಬಾಂದ್ರಾದಿಂದ ಎರಡೂ ದೂರವಲ್ಲ. ಆದರೆ ಕಸಿನ್ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಎಲ್ಲವನ್ನೂ ಮಾಡಿಸಲೇಬೇಕು ಅಂತ ನಾನು ಹೇಳುತ್ತಿಲ್ಲ. ಹೃದಯದ ಗೋಡೆ ಸ್ವಲ್ಪ ದಪ್ಪ ಇದೆ, ಬೇರೇನೂ ತೊಂದರೆ ಇಲ್ಲ ಅನ್ನುವ ಬೆಕ್ಕಿಗೆ ಮಾತ್ರೆ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಲ್ಲಿ ಎಣಿಸುತ್ತಾ ಕಾಯುವುದೇ ಸರಿ. ದಿನಕ್ಕೆ ಐದು ಮಾತ್ರೆ ತುರುಕಿ, ನಿಮ್ಮನ್ನು ಕಂಡರೆ ಬೆಕ್ಕು ಬೀರುವಿನ ಹಿಂದೆ ಓಡುವ ಹಾಗಾದರೆ ಡಾಕ್ಟರ ಹತ್ತಿರ ಕೂತು, ಇದರಲ್ಲಿ ಬಿಡಲೇಬಾರದ್ದು ಯಾವುದು ಅಂತ ಕೇಳಿ. ಐಸಿಯುನಲ್ಲಿ ನಮ್ಮ ಅಜ್ಜಂದಿರ ಮನೆಯವರೂ ಈ ಪ್ರಶ್ನೆ ಕೇಳಬೇಕು. ಕೇಳುವುದಿಲ್ಲ. ನಾವೂ ಹಲವು ಸಲ ಹೇಳುವುದಿಲ್ಲ.

ಆ ರಾತ್ರಿ ಪಶುವೈದ್ಯೆ ನನ್ನನ್ನು ನೇರವಾಗಿ ಕೇಳಿದರು. ಮೊದಲು ನೋವಿಗೆ ಇಂಜೆಕ್ಷನ್ ಕೊಟ್ಟು, ಕೂರಿಸಿ, ಉಳಿಯುವ ಸಾಧ್ಯತೆ ಎಷ್ಟು, ಉಳಿದರೆ ಮುಂದಿನ ತಿಂಗಳುಗಳು ಹೇಗಿರುತ್ತವೆ ಅಂತ ಬಿಡಿಸಿ ಹೇಳಿ, ಏನು ಮಾಡೋಣ ಅಂದರು. ನನಗೆ ಉತ್ತರ ಬರಲಿಲ್ಲ. ದಿನಾ ಬೇರೆಯವರನ್ನು ಕೇಳುವ ಪ್ರಶ್ನೆ ಅದು. ಮನೆಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಇನ್ನು ನೋವು ಬೇಡ ಮಗಾ. ನೀನು ಅಲ್ಲೇ ಇರು, ಕೈ ತೆಗಿಬೇಡ" ಅಂದರು. ಬೆಳಿಗ್ಗೆ 5 ಗಂಟೆ ಹೊತ್ತಿಗೆ ಮುಗಿಯಿತು. 10 ಗಂಟೆಗೆ ನನಗೆ ಓಪಿಡಿ ಇತ್ತು, ಹೋದೆ.

ಈಗ ನಮ್ಮ ಅಡಿಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಏಕಾದಶಿ, ಹಾಲಿನ ಲೆಕ್ಕಗಳ ನಡುವೆ ಅಮ್ಮ ಗೋಪಿಯ ಅಂಕಿಗಳನ್ನು ಬರೆಯುತ್ತಾರೆ. ಕಳೆದ ಸೋಮವಾರ 22, ಗುರುವಾರ 26. ಒಂದು ಭಾನುವಾರ 34 ಬಂದು, ಅಮ್ಮ ನನ್ನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದರು. ಮತ್ತೆ ಎಣಿಸಿದರೆ 24. ಅದು ಕನಸು ಕಾಣುತ್ತಿತ್ತು ಅಂತ ಕಾಣುತ್ತದೆ. ಬೈಯಲಿಲ್ಲ, ಎದ್ದು ಚಾ ಮಾಡಿಕೊಂಡೆ.

ಬೆಕ್ಕು ಇರುವ ಮನೆಗಳಿಗೆ ಇದನ್ನು ಕಳಿಸಿ. ಪ್ಯಾರಾಸಿಟಮಾಲಿನ ಪ್ಯಾರಾವನ್ನಾದರೂ ಕಳಿಸಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಬಾಂದ್ರಾ, ಮುಂಬಯಿ